ಬೇಯಿಸಿದ ಹಸಿ ನೆಲಗಡಲೆ ಮತ್ತು ಅಮೆರಿಕದ ದಕ್ಷಿಣ ರಾಜ್ಯಗಳ ಇತರ ಆಹಾರಗಳು

ನೆಲದಿಂದ ಕಿತ್ತ ನೆಲಗಡಲೆಯನ್ನು ಒಣಗಿಸದೆ, ಸಿಪ್ಪೆ ಸಮೇತ ಉಪ್ಪುನೀರಿನಲ್ಲಿ ಗಂಟೆಗಟ್ಟಲೆ ಬೇಯಿಸಿ ತಿನ್ನುವ ಪದ್ಧತಿಯು ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ದಕ್ಷಿಣ ಕೆರೊಲಿನಾ, ಉತ್ತರ ಕೆರೊಲಿನಾ, ಜಾರ್ಜಿಯಾ, ಅಲಬಾಮಾ, ಮಿಸಿಸಿಪಿ ಹಾಗೂ ಉತ್ತರ ಫ್ಲಾರಿಡಾ ಪ್ರದೇಶಗಳಲ್ಲಿ ಬೇಸಿಗೆಯ ನಡುವಿನಿಂದ ಶರತ್ಕಾಲದವರೆಗೆ ರಸ್ತೆಯ ಬದಿಯಲ್ಲಿ ದೊಡ್ಡ ಕೊಪ್ಪರಿಗೆಗಳನ್ನು ಒಲೆಯ ಮೇಲೇರಿಸಿ, ಬಿಸಿ ಕಾಯಿಯನ್ನು ಉಪ್ಪುನೀರು ಸೋರುತ್ತಿರುವಂತೆಯೇ ಚೀಲಕ್ಕೆ ತುಂಬಿ ಮಾರುವ ದೃಶ್ಯ ಸಾಮಾನ್ಯವಾದುದು. ದಕ್ಷಿಣ ಕೆರೊಲಿನಾ ರಾಜ್ಯವು 2006ರಲ್ಲಿ ಶಾಸನದ ಮೂಲಕ ಇದನ್ನು ತನ್ನ ಅಧಿಕೃತ ತಿನಿಸೆಂದು ಘೋಷಿಸಿತು.

ಬೇಯಿಸಿದ ಕಡಲೆಕಾಯಿ ಕನ್ನಡ ನಾಡಿನ ರೈತರಿಗೆ ಹೊಸದೇನಲ್ಲ. ಕಟಾವಿನ ದಿನಗಳಲ್ಲಿ ಹೊಲದ ಬದುವಿನಲ್ಲಿಯೂ, ಕಾರ್ತಿಕ ಮಾಸದಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ಜರುಗುವ ಕಡಲೆಕಾಯಿ ಪರಿಷೆಯಲ್ಲಿಯೂ ಇದನ್ನು ತಿನ್ನದವರು ವಿರಳ. ಆದರೆ ನಮ್ಮಲ್ಲಿ ಇದು ಎಣ್ಣೆಕಾಳಿನ ಬೆಳೆಯ ಜೊತೆಯಲ್ಲಿ ಸಿಗುವ ಒಂದು ಬಾಯಿರುಚಿಯಷ್ಟೇ ಆಗಿ ಉಳಿದಿದೆ. ಅಲ್ಲಿ ಅದು ತನ್ನದೇ ಆದ ತಳಿ, ಕಟಾವಿನ ಸಮಯ, ತಂಪು ಸಾಗಣೆ ಹಾಗೂ ಸುರಕ್ಷತಾ ನಿಯಮಗಳನ್ನುಳ್ಳ ಪ್ರತ್ಯೇಕ ವ್ಯವಹಾರವಾಗಿ ಬೆಳೆದಿದೆ. ನೆಲಗಡಲೆಯನ್ನು ಎಣ್ಣೆಕಾಳೆಂದು ನೋಡದೆ ಹಸಿ ತರಕಾರಿಯೆಂದು ನೋಡಿದಾಗ ರೈತನ ಕೆಲಸ ಹೇಗೆ ಬದಲಾಗುತ್ತದೆ, ಲಾಭ ಎಲ್ಲಿದೆ, ಅಪಾಯ ಎಲ್ಲಿದೆ ಎಂಬುದನ್ನು ಈ ಲೇಖನದಲ್ಲಿ ಮುಖ್ಯವಾಗಿ ವಿವರಿಸಲಾಗಿದೆ. ಜೊತೆಗೆ, ನಮ್ಮ ಹೊಲಗಳಲ್ಲಿಯೂ ಬೆಳೆಯುವ ಅಲಸಂದೆ, ಬೆಂಡೆ, ಎಳ್ಳು, ಜೋಳ ಹಾಗೂ ಮುಸುಕಿನ ಜೋಳಗಳಿಂದ ಆ ಪ್ರದೇಶದ ಜನರು ತಯಾರಿಸುವ ಕೆಲವು ಆಹಾರಗಳ ಪರಿಚಯವನ್ನೂ ನೀಡಲಾಗಿದೆ.

ಕಾಯಿ ಸಾಗಿ ಬಂದ ದಾರಿ

ನೆಲಗಡಲೆಯ ತವರು ದಕ್ಷಿಣ ಅಮೆರಿಕ ಖಂಡ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಇದನ್ನು ಆಫ್ರಿಕಕ್ಕೆ ಒಯ್ದರು. ಅಲ್ಲಿನ ಜನರಿಗೆ ನೆಲದೊಳಗೆ ಕಾಯಿ ಬಿಡುವ ಬೆಳೆ ಅಪರಿಚಿತವಾಗಿರಲಿಲ್ಲ. ಬಂಬಾರ ಕಡಲೆ ಎಂಬ ಅವರ ಸ್ಥಳೀಯ ದ್ವಿದಳ ಬೆಳೆಯೂ ಮಣ್ಣಿನೊಳಗೇ ಕಾಯಿ ಕಟ್ಟುತ್ತದೆ. ಅದನ್ನು ಹಸಿಯಾಗಿ ಕಿತ್ತು ಬೇಯಿಸಿ ತಿನ್ನುವುದು ಅವರ ಹಳೆಯ ಪದ್ಧತಿ. ಹೊಸದಾಗಿ ಬಂದ ನೆಲಗಡಲೆಯೂ ಅದೇ ಮಡಕೆಯನ್ನು ಸೇರಿತು. ಮುಂದೆ ಗುಲಾಮರನ್ನು ತುಂಬಿಕೊಂಡು ಅಟ್ಲಾಂಟಿಕ್ ದಾಟಿದ ಹಡಗುಗಳೊಡನೆ ಈ ಕಾಯಿಯೂ, ಅದನ್ನು ಬೇಯಿಸುವ ತಿಳಿವಳಿಕೆಯೂ ಉತ್ತರ ಅಮೆರಿಕಕ್ಕೆ ಬಂದವು. ದಕ್ಷಿಣ ರಾಜ್ಯಗಳಲ್ಲಿ ನೆಲಗಡಲೆಗೆ ಇಂದಿಗೂ ಇರುವ 'ಗೂಬರ್' ಎಂಬ ಆಡುಮಾತಿನ ಹೆಸರು ಕಾಂಗೋ ಪ್ರದೇಶದ 'ನ್ಗೂಬಾ' ಎಂಬ ಪದದಿಂದ ಬಂದುದು.

1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಹಸಿದ ದಕ್ಷಿಣದ ಸೈನಿಕರು ಈ ತಿನಿಸನ್ನು ಕಂಡುಹಿಡಿದರೆಂಬ ಕಥೆ ಜನಪ್ರಿಯವಾಗಿದೆ. ಸೈನಿಕರು ಬೇಯಿಸಿ ತಿಂದದ್ದು ನಿಜವೇ. ಆದರೆ ಕಂಡುಹಿಡಿದ ಕೀರ್ತಿ ಆಫ್ರಿಕ ಮೂಲದ ಅಡುಗೆಮನೆಗಳಿಗೆ ಸಲ್ಲತಕ್ಕದ್ದು. ಯುದ್ಧಕ್ಕೆ ಮೊದಲು ನೆಲಗಡಲೆಯನ್ನು ಗುಲಾಮರ, ಬಡವರ ಮತ್ತು ಹಂದಿಗಳ ಆಹಾರವೆಂದು ಸಿರಿವಂತರು ಕಡೆಗಣಿಸಿದ್ದರು.

ಬೆಳೆಯಾಗಿ ಇದು ವ್ಯಾಪಕವಾದದ್ದು ಹತ್ತಿಗೆ ಒದಗಿದ ಸಂಕಟದಿಂದ. ಹತ್ತಿಯ ಕಾಯಿ ಮೂತಿಹುಳು 1890ರ ದಶಕದಲ್ಲಿ ಮೆಕ್ಸಿಕೊದಿಂದ ಟೆಕ್ಸಸ್ ಪ್ರವೇಶಿಸಿ, ಎರಡು ದಶಕಗಳೊಳಗೆ ಅಲಬಾಮಾವನ್ನು ಮುಟ್ಟಿತು. ಹತ್ತಿಯೊಂದನ್ನೇ ನಂಬಿದ್ದ ರೈತರು ಸಾಲದಲ್ಲಿ ಮುಳುಗಿದರು. ಅಲಬಾಮಾದ ಟಸ್ಕೀಗಿ ಸಂಸ್ಥೆಯಲ್ಲಿದ್ದ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರು ಹತ್ತಿಯಿಂದ ಬಡವಾದ ಮಣ್ಣಿಗೆ ನೆಲಗಡಲೆ, ಅಲಸಂದೆ ಹಾಗೂ ಸಿಹಿಗೆಣಸನ್ನು ಸೂಚಿಸುತ್ತ ಬಂದರು. 1916ರಲ್ಲಿ ಅವರು ಹೊರತಂದ ಕಿರುಹೊತ್ತಗೆಯಲ್ಲಿ ನೆಲಗಡಲೆಯ ಬೇಸಾಯದೊಂದಿಗೆ ಅದನ್ನು ಬಳಸುವ 105 ಅಡುಗೆ ವಿಧಾನಗಳಿದ್ದವು. ಬೆಳೆಯನ್ನು ಶಿಫಾರಸು ಮಾಡುವಾಗ ಅದನ್ನು ತಿನ್ನುವ ದಾರಿಯನ್ನೂ ಜೊತೆಗೇ ಕೊಡಬೇಕೆಂಬ ಅವರ ಕ್ರಮವನ್ನು ವಿಸ್ತರಣಾ ಕಾರ್ಯಕರ್ತರು ಗಮನಿಸಬಹುದು. ಅದೇ ರಾಜ್ಯದ ಎಂಟರ್‌ಪ್ರೈಸ್ ಎಂಬ ಊರಿನಲ್ಲಿ ರೈತರು ನೆಲಗಡಲೆಗೆ ಹೊರಳಿ ಚೇತರಿಸಿಕೊಂಡರು. ತಮ್ಮನ್ನು ಹತ್ತಿಯಿಂದ ಬಿಡಿಸಿದ ಮೂತಿಹುಳುವಿಗೆ 1919ರಲ್ಲಿ ಅಲ್ಲಿ ಸ್ಮಾರಕವನ್ನೇ ನಿಲ್ಲಿಸಲಾಯಿತು. ಕೀಟವೊಂದಕ್ಕೆ ಊರಿನ ನಡುವೆ ಸ್ಮಾರಕ ದೊರೆತ ನಿದರ್ಶನಗಳು ಬಹಳವಿಲ್ಲ.

ಇಂದು ಅಮೆರಿಕದಲ್ಲಿ ಬೆಳೆಯುವ ನೆಲಗಡಲೆಯ ಸುಮಾರು ಅರ್ಧದಷ್ಟು ಜಾರ್ಜಿಯಾ ಒಂದರಿಂದಲೇ ಬರುತ್ತದೆ. ಆ ರಾಜ್ಯದ ಪ್ಲೇನ್ಸ್ ಎಂಬ ಚಿಕ್ಕ ಊರಿನಲ್ಲಿ, ಮುಂದೆ ರಾಷ್ಟ್ರಾಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರು ಬಾಲ್ಯದಲ್ಲಿ ತಂದೆಯ ಹೊಲದ ಕಾಯಿಯನ್ನು ಬೇಯಿಸಿ ಬೀದಿಯಲ್ಲಿ ಮಾರುತ್ತಿದ್ದರು.

ಹಸಿ ಕಾಯಿ ಮತ್ತು ಒಣ ಕಾಯಿ

ಅಲ್ಲಿನ ಮಾರುಕಟ್ಟೆಯಲ್ಲಿ 'ಹಸಿ' ಎಂಬ ಪದಕ್ಕೆ ನಿರ್ದಿಷ್ಟ ಅರ್ಥವಿದೆ. ಹುರಿಯದಿರುವ ಕಾಯಿಯೆಲ್ಲವೂ ಹಸಿ ಕಾಯಿಯಲ್ಲ. ನೆಲದಿಂದ ಈಗಷ್ಟೇ ಕಿತ್ತ, ತೂಕದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನೀರನ್ನೇ ಹೊಂದಿರುವ, ಒಣಗಿಸುವ ಹಂತಕ್ಕೆ ಹೋಗದ ಕಾಯಿ ಮಾತ್ರ ಹಸಿ ಕಾಯಿ. ಎಣ್ಣೆಗಾಗಲಿ ಹುರಿಯುವುದಕ್ಕಾಗಲಿ ಹೋಗುವ ಬೆಳೆಯನ್ನು ಅಗೆದು, ಬುಡ ಮೇಲಾಗಿ ಸಾಲಿನಲ್ಲಿ ಮಗುಚಿ, ಎರಡು ಮೂರು ದಿನ ಬಿಸಿಲಿಗೆ ಬಿಟ್ಟು, ಕಾಯಿ ಬಿಡಿಸಿದ ಬಳಿಕ ಬಿಸಿಗಾಳಿಯಿಂದ ತೇವಾಂಶವನ್ನು ಶೇ. 10ರ ಆಸುಪಾಸಿಗೆ ಇಳಿಸಲಾಗುತ್ತದೆ. ಹಸಿ ಕಾಯಿಯ ವ್ಯವಹಾರದಲ್ಲಿ ಈ ಹಂತಗಳೊಂದೂ ಇಲ್ಲ. ಅಗೆದ ದಿನವೇ ಬಿಡಿಸಿ, ಮಣ್ಣು ತೊಳೆದು, ತಂಪುಗೊಳಿಸಿ ರವಾನಿಸಬೇಕು.

ಬೇಯಿಸಲು ವೆಲೆನ್ಸಿಯಾ ಗುಂಪಿನ ತಳಿಗಳು ಹೆಚ್ಚು ಮೆಚ್ಚಿನವು. ಇವುಗಳ ಒಂದೊಂದು ಕಾಯಿಯಲ್ಲಿ ಮೂರು ನಾಲ್ಕು ಬೀಜಗಳಿರುತ್ತವೆ, ಬೀಜದ ಹೊದಿಕೆ ಕಡುಗೆಂಪು, ರುಚಿ ಸಿಹಿ, ಅವಧಿಯೂ ಕಡಿಮೆ. ದಪ್ಪ ಕಾಯಿಯ ವರ್ಜೀನಿಯಾ ಗುಂಪಿನ ತಳಿಗಳನ್ನೂ ಬಳಸುತ್ತಾರೆ. ಕಾಯಿ ಪೂರ್ಣ ಬಲಿತು ಬೀಜ ಗಟ್ಟಿಯಾಗುವುದಕ್ಕೆ ಸ್ವಲ್ಪ ಮೊದಲೇ ಕೀಳುವುದು ರೂಢಿ. ತೀರ ಎಳೆಯದಾದರೆ ಬೀಜವಿಲ್ಲದೆ ಉಪ್ಪುನೀರಿನ ಗುಳ್ಳೆಯಾಗುತ್ತದೆ. ತೀರ ಬಲಿತರೆ ಬೇಯಲು ತಡವಾಗಿ ಮಣ್ಣಿನ ರುಚಿ ಉಳಿಯುತ್ತದೆ. ಕೆಲವು ಗಿಡಗಳನ್ನು ಕಿತ್ತು, ಕಾಯಿ ಒಡೆದು, ಸಿಪ್ಪೆಯ ಒಳಮೈಯನ್ನು ನೋಡಬೇಕು. ಎಳೆಯ ಕಾಯಿಯಲ್ಲಿ ಅದು ಬಿಳಿಯಾಗಿ ಮೆತ್ತಗಿರುತ್ತದೆ, ಬಲಿತಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಬೇಯಿಸುವ ಕಾಯಿಗೆ ಇವೆರಡರ ನಡುವಿನ ಹಂತವೇ ತಕ್ಕುದು.

ಬೇಯಿಸುವ ಕ್ರಮ

ಕಾಯಿಯನ್ನು ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಬಾರಿ ತೊಳೆದು, ಒಡೆದ, ಮೊಳೆತ, ಬೂಷ್ಟು ಹಿಡಿದ ಕಾಯಿಗಳನ್ನು ಆರಿಸಿ ತೆಗೆಯಬೇಕು. ಎರಡು ಕಿಲೋ ಹಸಿ ಕಾಯಿಗೆ ನಾಲ್ಕೈದು ಲೀಟರ್ ನೀರು ಹಾಗೂ 150ರಿಂದ 250 ಗ್ರಾಂ ಉಪ್ಪು ಸಾಕು. ಕುದಿ ಬಂದ ಮೇಲೆ ಉರಿಯನ್ನು ತಗ್ಗಿಸಿ, ಮುಚ್ಚಳ ಹಾಕಿ, ಎರಡರಿಂದ ನಾಲ್ಕು ಗಂಟೆ ಬೇಯಿಸುತ್ತಾರೆ. ನೀರು ಇಂಗಿದಂತೆ ಬಿಸಿನೀರನ್ನೇ ಸೇರಿಸಬೇಕು. ಒಲೆಯಿಂದ ಇಳಿಸಿದ ಮೇಲೆ ಕಾಯಿಯನ್ನು ಅದೇ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಬಿಡುವುದು ಈ ಅಡುಗೆಯ ಗುಟ್ಟು. ಸಿಪ್ಪೆಯೊಳಕ್ಕೆ ಉಪ್ಪುನೀರು ಹೆಚ್ಚಾಗಿ ನುಗ್ಗುವುದು ಆಗಲೇ. ಮೊದಲು ತೇಲುತ್ತಿದ್ದ ಕಾಯಿಗಳು ನೀರು ತುಂಬಿ ತಳಕ್ಕಿಳಿಯುತ್ತವೆ. ಪ್ರೆಷರ್ ಕುಕ್ಕರಿನಲ್ಲಾದರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸಾಕಾಗುತ್ತದೆ.

ಹಂಗಾಮು ಕಳೆದ ಮೇಲೆ ಒಣ ಕಾಯಿಯಿಂದಲೂ ಇದನ್ನು ಮಾಡುತ್ತಾರೆ. ಆಗ ರಾತ್ರಿಯಿಡೀ ನೆನೆಸಿ, ತೆರೆದ ಪಾತ್ರೆಯಲ್ಲಿ ಆರರಿಂದ ಹತ್ತು ಗಂಟೆ ಬೇಯಿಸಬೇಕು. ಸೌದೆಯ ಇಲ್ಲವೇ ಅನಿಲದ ವೆಚ್ಚವನ್ನು ಲೆಕ್ಕಹಾಕಿದರೆ ಹಸಿ ಕಾಯಿಗೆ ಹೆಚ್ಚು ಬೆಲೆ ಕೊಡಲು ಗಿರಾಕಿ ಏಕೆ ಸಿದ್ಧನಿರುತ್ತಾನೆಂಬುದು ತಿಳಿಯುತ್ತದೆ. ಉಪ್ಪಿನ ಜೊತೆಗೆ ಒಣಮೆಣಸಿನ ಪುಡಿ, ಬೆಳ್ಳುಳ್ಳಿ ಮೊದಲಾದ ಖಾರದ ಮಸಾಲೆ ಸೇರಿಸಿ ಬೇಯಿಸುವ 'ಕೇಜನ್' ಬಗೆ ಲೂಯಿಸಿಯಾನಾ ರುಚಿಯದು. ನಮ್ಮವರ ನಾಲಗೆಗೆ ಬೇಗ ಹಿಡಿಸುವುದು ಇದೇ.

ನಮ್ಮ ಮನೆಗಳಲ್ಲಿ ಸಣ್ಣ ಕಾಯಿಯ ಗೊಂಚಲು ತಳಿಗಳನ್ನು ಕುಕ್ಕರಿನಲ್ಲಿ ಮೂರು ನಾಲ್ಕು ಕೂಗು ಬರುವವರೆಗೆ ಬೇಯಿಸಿ, ಬೀಜ ಹಲ್ಲಿಗೆ ತುಸು ಗಟ್ಟಿಯಾಗಿ ಸಿಗುವಂತೆ ಇಳಿಸುವುದು ವಾಡಿಕೆ. ದಕ್ಷಿಣ ಕೆರೊಲಿನಾದ ಕೊಪ್ಪರಿಗೆಯಲ್ಲಿ ಬೀಜವು ಬೆಂದ ಅವರೆಕಾಳಿನಷ್ಟು ಮೆತ್ತಗಾಗಿ, ಒತ್ತಿದರೆ ಹಿಸುಕುವಂತಿರಬೇಕು. ಅಮೆರಿಕದ ಉತ್ತರ ರಾಜ್ಯಗಳಿಂದ ಬಂದು ಮೊದಲ ಸಲ ತಿನ್ನುವವರಲ್ಲಿ ಅನೇಕರು ಮುಖ ಸಿಂಡರಿಸುವುದು ಈ ಮೆತ್ತಗಿನ ಗುಣಕ್ಕೇ. ಹುರಿದ ಬೀಜದ ಗರಿಗರಿಯನ್ನು ನಿರೀಕ್ಷಿಸಿದವರಿಗೆ ಇದು ಕೆಟ್ಟಂತೆ ತೋರುತ್ತದೆ. ನೆಲಗಡಲೆ ಬಾದಾಮಿಯ ಬಂಧುವಲ್ಲ, ತೊಗರಿ ಹಾಗೂ ಅವರೆಯ ಬಂಧು ಎಂದು ತಿಳಿದು ತಿಂದರೆ ರುಚಿ ತಾನಾಗಿ ಹಿಡಿಸುತ್ತದೆ. ಕಾಯಿಯನ್ನು ಹಲ್ಲಿನಿಂದ ಅಡ್ಡಲಾಗಿ ಕಚ್ಚಿ, ಒಳಗಿನ ಉಪ್ಪುನೀರನ್ನು ಮೊದಲು ಹೀರಿ, ಆಮೇಲೆ ಬೀಜ ತಿನ್ನುವುದು ಅಲ್ಲಿನವರ ರೀತಿ. ಊರು ಬಿಟ್ಟವರಿಗೆ ಇದರ ಹಂಬಲ ಎಷ್ಟೆಂದರೆ, ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿನಲ್ಲಿ ಬೆಳೆದು ನ್ಯೂಯಾರ್ಕಿಗೆ ಹೋಗಿದ್ದ ಮ್ಯಾಟ್ ಲೀ ಮತ್ತು ಟೆಡ್ ಲೀ ಎಂಬ ಸಹೋದರರು 1994ರಲ್ಲಿ ಅಂಚೆಯ ಮೂಲಕ ಬೇಯಿಸಿದ ನೆಲಗಡಲೆ ಮಾರುವ ಉದ್ಯಮವನ್ನೇ ಆರಂಭಿಸಿದರು.

ಗಂಟೆಗಳ ಲೆಕ್ಕ

ಒಣ ಕಾಯಿ ತಿಂಗಳುಗಟ್ಟಲೆ ಗೋದಾಮಿನಲ್ಲಿ ಕಾಯುತ್ತದೆ. ಹಸಿ ಕಾಯಿ ಒಂದು ರಾತ್ರಿಯೂ ಕಾಯುವುದಿಲ್ಲ. ಈ ವ್ಯವಹಾರದ ಲಾಭ ನಷ್ಟವೆಲ್ಲವೂ ಇದರ ಮೇಲೆ ನಿಂತಿದೆ.

ಕಿತ್ತ ಕಾಯಿ ಇನ್ನೂ ಉಸಿರಾಡುತ್ತಿರುತ್ತದೆ. ಗೋಣಿಚೀಲಕ್ಕೆ ಒತ್ತಿ ತುಂಬಿ ಒಂದರ ಮೇಲೊಂದು ಅಟ್ಟಿದರೆ ಒಳಗೆ ಕಾವು ಏರಿ, ಬೆಳಗಾಗುವುದರೊಳಗೆ ಸಿಪ್ಪೆ ಕಪ್ಪಾಗಿ, ಲೋಳೆ ಕಟ್ಟಿ, ಹುಳಿ ವಾಸನೆ ಬರುತ್ತದೆ. ಇಂತಹ ಕಾಯಿಯನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಆದುದರಿಂದ ಬೆಳಗಿನ ತಂಪಿನಲ್ಲಿ ಕಿತ್ತು, ನೆರಳಿನಲ್ಲಿ ಬಿಡಿಸಿ, ತಣ್ಣೀರಿನಲ್ಲಿ ತೊಳೆದು, ಗಾಳಿಯಾಡುವ ಜಾಳಿಗೆ ಚೀಲ ಅಥವಾ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ತೆಳುವಾಗಿ ತುಂಬಬೇಕು. ಸುಮಾರು 4 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಇರಿಸಿದರೆ ಕೆಲವು ದಿನಗಳಿಂದ ಒಂದು ವಾರದವರೆಗೆ ತಡೆಯುತ್ತದೆ. ಶೈತ್ಯದ ಅನುಕೂಲವಿಲ್ಲದವರು ಕಿತ್ತ ದಿನವೇ ಬೇಯಿಸುವವನ ಕೈ ಸೇರಿಸಬೇಕು. ಗಿರಾಕಿ ಗೊತ್ತಾದ ಮೇಲೆ ಕಾಯಿ ಕೀಳುವುದು ಸರಿಯಾದ ಕ್ರಮ. ಕಿತ್ತ ಮೇಲೆ ಗಿರಾಕಿಯನ್ನು ಹುಡುಕುವುದಲ್ಲ.

ಬೆಂದ ಮೇಲಿನ ಅಪಾಯ ಬೇರೆ ಬಗೆಯದು. ಬೆಂದ ನೆಲಗಡಲೆ ಹುಳಿಯಿಲ್ಲದ, ನೀರಿನಿಂದ ತುಂಬಿದ, ಪ್ರೋಟೀನು ಸಮೃದ್ಧವಾದ ಆಹಾರ. ರೋಗಾಣುಗಳು ಬೆಳೆಯಲು ಇದಕ್ಕಿಂತ ಅನುಕೂಲವಾದ ನೆಲೆ ಅಪರೂಪ. ಮಾರಾಟದ ಅವಧಿಯುದ್ದಕ್ಕೂ ಪಾತ್ರೆಯ ನೀರು 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿರಬೇಕು. ಒಲೆ ಆರಿಸಿದ ಪಾತ್ರೆಯಲ್ಲಿ ಉಗುರುಬೆಚ್ಚಗೆ ಉಳಿದ ಕಾಯಿಯನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದು. ಉಳಿದುದನ್ನು ಅಗಲ ತಟ್ಟೆಗಳಲ್ಲಿ ಹರವಿ ಬೇಗ ಆರಿಸಿ, ಫ್ರಿಜ್ಜಿನಲ್ಲಿಟ್ಟು, ಮೂರು ನಾಲ್ಕು ದಿನಗಳೊಳಗೆ ಮುಗಿಸಬೇಕು. ನೀರು ಬಸಿದು ಘನೀಕರಿಸಿಟ್ಟರೆ ತಿಂಗಳುಗಳವರೆಗೆ ಉಳಿಯುತ್ತದೆ. ಕಾಯಿ ಜಾರಿದಂತೆ ಲೋಳೆಯಾಗಿದ್ದರೆ, ನೀರು ನೊರೆಗಟ್ಟಿದ್ದರೆ ಮತ್ತೆ ಕುದಿಸಿ ಮಾರುವ ಯೋಚನೆ ಬೇಡ, ಚೆಲ್ಲಬೇಕು.

ಬಾಟಲಿಯಲ್ಲಿ ಅಥವಾ ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿಟ್ಟು ಮಾರುವುದು ಇನ್ನೂ ಗಂಭೀರವಾದ ವಿಷಯ. ಗಾಳಿಯಿಲ್ಲದ, ಹುಳಿಯಿಲ್ಲದ ಆಹಾರದಲ್ಲಿ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾ ಮಾರಕವಾದ ನರವಿಷವನ್ನು ಉತ್ಪಾದಿಸಬಲ್ಲದು. ಅದರ ಬೀಜಾಣುಗಳು ಮಣ್ಣಿನಲ್ಲಿರುತ್ತವೆ. ನೆಲಗಡಲೆ ಬರುವುದೂ ಮಣ್ಣಿನಿಂದಲೇ. ಗಂಟೆಗಟ್ಟಲೆ ಕುದಿಸಿದರೂ ಈ ಬೀಜಾಣುಗಳು ಸಾಯುವ ಭರವಸೆಯಿಲ್ಲ, ತಿನ್ನಲು ಹಿತವೆನಿಸುವಷ್ಟು ಉಪ್ಪು ಅವನ್ನು ತಡೆಯುವುದೂ ಇಲ್ಲ. ಒತ್ತಡದ ಉಪಕರಣದಲ್ಲಿ ಪರೀಕ್ಷಿತ ಸಮಯ ಮತ್ತು ಉಷ್ಣತೆಗಳನ್ನು ಪಾಲಿಸಿದ ಡಬ್ಬಿ ಮಾತ್ರ ಸುರಕ್ಷಿತ. ಮನೆಯ ಕುಕ್ಕರಿನಲ್ಲಿ ಬೇಯಿಸಿ ಬಾಟಲಿಗೆ ತುಂಬಿ ಮುಚ್ಚಳ ಬಿಗಿದು ಕೊಠಡಿಯ ಉಷ್ಣತೆಯಲ್ಲಿಡುವ ಪ್ರಯೋಗವನ್ನು ಯಾರೂ ಮಾಡಕೂಡದು.

ಇವೆಲ್ಲಕ್ಕಿಂತ ಮೊದಲೇ, ಹೊಲದಲ್ಲಿಯೇ ಸೇರಿಕೊಳ್ಳುವ ವಿಷವೊಂದಿದೆ. ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಶಿಲೀಂಧ್ರವು ಉತ್ಪಾದಿಸುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ಹಾನಿಕರವಾದುದು, ಕ್ಯಾನ್ಸರ್‌ಕಾರಕ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ಮಣ್ಣು ಕಾದರೆ, ಗೆದ್ದಲು ಮೊದಲಾದ ಕೀಟಗಳು ಸಿಪ್ಪೆಯನ್ನು ಕೊರೆದರೆ ಇದರ ಸಂಭವ ಹೆಚ್ಚು. ಕುದಿಯುವ ನೀರಿನ ಶಾಖಕ್ಕೆ ಈ ವಿಷ ನಾಶವಾಗುವುದಿಲ್ಲ. ಅಮೆರಿಕದಲ್ಲಿ ಆಹಾರದಲ್ಲಿರಬಹುದಾದ ಮಿತಿಯನ್ನು ನೂರು ಕೋಟಿ ಭಾಗಕ್ಕೆ 20 ಭಾಗವೆಂದು ನಿಗದಿಪಡಿಸಲಾಗಿದೆ. ಇಷ್ಟು ಸೂಕ್ಷ್ಮ ಪ್ರಮಾಣವನ್ನು ಕಣ್ಣಿನಿಂದ ಅಳೆಯಲಾಗದಾದರೂ, ರಂಧ್ರ ಬಿದ್ದ, ಸುಕ್ಕಿದ, ಬಣ್ಣಗೆಟ್ಟ ಕಾಯಿಗಳನ್ನು ಆರಿಸಿ ತೆಗೆಯುವುದರಿಂದ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ. ಹಾಗೆ ಆರಿಸಿದ ಕಾಯಿ ದನಗಳ ಕಲಗಚ್ಚಿಗೂ ಸೇರಬಾರದು, ಏಕೆಂದರೆ ವಿಷವು ಹಾಲಿನ ಮೂಲಕ ಮತ್ತೆ ಮನೆಗೇ ಬರುತ್ತದೆ.

ಪೋಷಕಾಂಶಗಳು

100 ಗ್ರಾಂ ಒಣ ಬೀಜದಲ್ಲಿ ಸುಮಾರು 567 ಕಿಲೋಕ್ಯಾಲರಿ, 26 ಗ್ರಾಂ ಪ್ರೋಟೀನು ಹಾಗೂ 49 ಗ್ರಾಂ ಕೊಬ್ಬು ಇದ್ದರೆ, ಅಷ್ಟೇ ತೂಕದ ಬೆಂದ ಬೀಜದಲ್ಲಿ ಸುಮಾರು 318 ಕಿಲೋಕ್ಯಾಲರಿ, 13.5 ಗ್ರಾಂ ಪ್ರೋಟೀನು ಹಾಗೂ 22 ಗ್ರಾಂ ಕೊಬ್ಬು ಇರುತ್ತದೆ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಬೆಂದ ಬೀಜ ಹೀರಿಕೊಂಡ ನೀರು. ಸಿಪ್ಪೆಯೊಡನೆ ಬೇಯಿಸುವುದರಿಂದ ಸಿಪ್ಪೆ ಹಾಗೂ ಕೆಂಪು ಹೊದಿಕೆಯಲ್ಲಿರುವ ಕೆಲವು ಉತ್ಕರ್ಷಣ ನಿರೋಧಕಗಳು ಬೀಜಕ್ಕೆ ಇಳಿಯುತ್ತವೆಂದು ಅಲಬಾಮಾ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ವಿಜ್ಞಾನಿಗಳು 2007ರಲ್ಲಿ ವರದಿ ಮಾಡಿದ್ದಾರೆ. ಆದರೆ ಉಪ್ಪನ್ನು ಮರೆಯುವಂತಿಲ್ಲ. 100 ಗ್ರಾಂ ಬೀಜದಲ್ಲಿ ಸುಮಾರು 750 ಮಿಲಿಗ್ರಾಂ ಸೋಡಿಯಂ ಸೇರಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸುವ ದಿನದ ಮಿತಿ 2000 ಮಿಲಿಗ್ರಾಂ. ರಕ್ತದೊತ್ತಡ ಉಳ್ಳವರಿಗೆ ಉಪ್ಪಿಲ್ಲದೆ ಬೇಯಿಸಿದುದೇ ಲೇಸು. ನೆಲಗಡಲೆಯ ಅಲರ್ಜಿ ಇರುವವರಿಗೆ ಬೇಯಿಸಿದ್ದೂ ನಿಷಿದ್ಧ.

ಗ್ರಿಟ್ಸ್ ಮತ್ತು ಪೆಲಾಗ್ರ ರೋಗ

ದಕ್ಷಿಣ ರಾಜ್ಯಗಳ ಬೆಳಗಿನ ಊಟದಲ್ಲಿ ಗ್ರಿಟ್ಸ್ ಎಂಬ ಗಂಜಿಗೆ ಅಗ್ರಸ್ಥಾನವಿದೆ. ಇದು ಮುಸುಕಿನ ಜೋಳದ ನುಚ್ಚನ್ನು ನೀರು ಅಥವಾ ಹಾಲಿನಲ್ಲಿ ನಿಧಾನವಾಗಿ ಬೇಯಿಸಿ, ಬೆಣ್ಣೆ, ಉಪ್ಪು ಹಾಕಿ ತಿನ್ನುವ ಆಹಾರ. ಕರಾವಳಿಯಲ್ಲಿ ಸೀಗಡಿಯೊಡನೆ ಬಡಿಸುತ್ತಾರೆ. ಜಾರ್ಜಿಯಾ ರಾಜ್ಯವು 2002ರಲ್ಲಿ ಇದನ್ನು ತನ್ನ ಅಧಿಕೃತ ಸಿದ್ಧ ಆಹಾರವೆಂದು ಸಾರಿತು. ನಮ್ಮ ಜೋಳದ ನುಚ್ಚಿಗೆ ಒಗ್ಗಿದವರಿಗೆ ಇದರಲ್ಲಿ ವಿಚಿತ್ರವೇನೂ ತೋರದು.

ಈ ಗಂಜಿಯ ಹಿಂದೆ ಒಂದು ದುಃಖದ ಅಧ್ಯಾಯವಿದೆ. ಅಮೆರಿಕದ ಮೂಲನಿವಾಸಿಗಳು ಮುಸುಕಿನ ಜೋಳವನ್ನು ಬೂದಿ ಅಥವಾ ಸುಣ್ಣದ ನೀರಿನಲ್ಲಿ ಬೇಯಿಸಿ, ತೊಳೆದು ಬಳಸುತ್ತಿದ್ದರು. ಕಾಳಿನಲ್ಲಿ ಬಂಧಿತವಾಗಿರುವ ನಯಾಸಿನ್ ಎಂಬ ಜೀವಸತ್ವ ಇದರಿಂದ ಬಿಡುಗಡೆಯಾಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣದ ಬಡ ಗೇಣಿದಾರರು ಈ ಸಂಸ್ಕಾರವಿಲ್ಲದ ಗಿರಣಿಯ ಜೋಳದ ಹಿಟ್ಟು, ಹಂದಿಯ ಕೊಬ್ಬು ಹಾಗೂ ಕಾಕಂಬಿಗಳ ಮೇಲೆಯೇ ಬದುಕಬೇಕಾಯಿತು. ಚರ್ಮ ಸುಲಿದು, ಭೇದಿಯಾಗಿ, ಬುದ್ಧಿ ಭ್ರಮಿಸಿ ಸಾವು ತರುವ ಪೆಲಾಗ್ರ ರೋಗ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. ಅದು ಸೋಂಕೆಂದೇ ಹೆಚ್ಚಿನ ವೈದ್ಯರು ನಂಬಿದ್ದರು. 1914ರಲ್ಲಿ ತನಿಖೆಗೆ ನೇಮಕವಾದ ಜೋಸೆಫ್ ಗೋಲ್ಡ್‌ಬರ್ಗರ್ ಅವರು ಆಹಾರದ ಕೊರತೆಯೇ ಕಾರಣವೆಂದು ತೋರಿಸಿದರು. ಸೋಂಕಲ್ಲವೆಂದು ಸಾಧಿಸಲು ರೋಗಿಯ ರಕ್ತವನ್ನು ತಮ್ಮ ದೇಹಕ್ಕೇ ಚುಚ್ಚಿಸಿಕೊಂಡರು. ಕೊರತೆಯಾದ ವಸ್ತು ನಯಾಸಿನ್ ಎಂದು ಗೊತ್ತಾದದ್ದು 1937ರಲ್ಲಿ, ಕಾನ್ರಾಡ್ ಎಲ್ವೆಹೆಮ್ ಅವರ ಸಂಶೋಧನೆಯಿಂದ.

ಇದೇ ರೋಗ ನಮ್ಮ ದಖ್ಖನ್ ಪ್ರಸ್ಥಭೂಮಿಯಲ್ಲಿಯೂ, ಜೋಳವನ್ನೇ ಉಂಡು ಬದುಕುವ ಬಡವರಲ್ಲಿ ಕಾಣಿಸಿಕೊಂಡಿತ್ತು. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಹಾಗೂ ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ ಇದನ್ನು ವಿವರಿಸಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಅಮೈನೋ ಆಮ್ಲದ ಪಾತ್ರವನ್ನು ಮಂಡಿಸಿದರು. ನೆಲಗಡಲೆಯು ನಯಾಸಿನ್‌ನ ಒಳ್ಳೆಯ ಮೂಲ; 100 ಗ್ರಾಂ ಒಣ ಬೀಜದಲ್ಲಿ ಸುಮಾರು 12 ಮಿಲಿಗ್ರಾಂ ಇರುತ್ತದೆ. ಉತ್ತರ ಕರ್ನಾಟಕದ ಊಟದಲ್ಲಿ ಜೋಳದ ರೊಟ್ಟಿಯ ಪಕ್ಕದಲ್ಲಿರುವ ಶೇಂಗಾ ಚಟ್ನಿ ಬರಿಯ ರುಚಿಗಾಗಿ ಇರುವುದಲ್ಲವೆಂಬುದು ಇದರಿಂದ ಸ್ಪಷ್ಟ. ಮನೆಯ ಬಳಕೆಗೆ ಉಳಿಸಿಕೊಳ್ಳದೆ ಬೆಳೆಯನ್ನೆಲ್ಲ ಮಾರುವ ಕುಟುಂಬಗಳಿಗೆ ಈ ಅಂಶವನ್ನು ತಿಳಿಯಪಡಿಸಬೇಕು.

ಆಫ್ರಿಕದ ದಾರಿಯಲ್ಲಿ ಬಂದ ಬೆಳೆಗಳು

ದಕ್ಷಿಣದ ಅಡುಗೆಯಲ್ಲಿ ನಮ್ಮ ರೈತರು ಗುರುತಿಸಬಹುದಾದ ಬೆಳೆಗಳು ಅನೇಕ. ಹೊಸ ವರ್ಷದ ಮೊದಲ ದಿನ ಅಕ್ಕಿ ಹಾಗೂ ಅಲಸಂದೆಯನ್ನು ಒಟ್ಟಿಗೆ ಬೇಯಿಸಿದ 'ಹಾಪಿನ್ ಜಾನ್' ಎಂಬ ಅನ್ನವನ್ನು ತಿಂದರೆ ವರ್ಷವೆಲ್ಲ ಶುಭವೆಂಬ ನಂಬಿಕೆ ಅಲ್ಲಿದೆ. ಮೂಲದಲ್ಲಿ ಹಂದಿಮಾಂಸದ ತುಂಡು ಹಾಕುತ್ತಾರೆ. ಈರುಳ್ಳಿ ಒಗ್ಗರಣೆಯಿಂದ ಮಾಡಿದರೂ ರುಚಿ ಕೆಡುವುದಿಲ್ಲ. ಇದರ ಜೊತೆಗೆ ಕಾಲರ್ಡ್ ಎಂಬ, ಗೆಡ್ಡೆ ಕಟ್ಟದ ಕೋಸಿನ ಜಾತಿಯ ಅಗಲ ಸೊಪ್ಪನ್ನು ದೀರ್ಘಕಾಲ ಬೇಯಿಸಿ ಬಡಿಸುತ್ತಾರೆ. ಸೊಪ್ಪು ಬೆಂದ ಕಟ್ಟನ್ನು ಚೆಲ್ಲದೆ ಜೋಳದ ರೊಟ್ಟಿಯಂತಹ ಕಾರ್ನ್‌ಬ್ರೆಡ್ಡನ್ನು ಅದರಲ್ಲಿ ಅದ್ದಿ ತಿನ್ನುವ ಅಭ್ಯಾಸ, ನಮ್ಮ ಬಸ್ಸಾರು ಮಾಡುವವರಿಗೆ ಕೂಡಲೇ ಅರ್ಥವಾಗುವಂಥದು.

ಬೆಂಡೆಯನ್ನು ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿಯುತ್ತಾರೆ, ಉಪ್ಪಿನಕಾಯಿ ಹಾಕುತ್ತಾರೆ, ಲೂಯಿಸಿಯಾನಾದಲ್ಲಿ ಗಂಬೊ ಎಂಬ ಗಟ್ಟಿಸಾರಿಗೆ ಹಾಕುತ್ತಾರೆ. ಗಂಬೊ ಎಂಬ ಹೆಸರೇ ಬೆಂಡೆಗಿರುವ ಆಫ್ರಿಕದ ಹೆಸರು. ನಮ್ಮಲ್ಲಿ ಲೋಳೆ ಹೋಗಲೆಂದು ಹುರಿಯುವ ಶ್ರಮವಿದ್ದರೆ, ಅಲ್ಲಿ ಸಾರು ಮಂದವಾಗಲೆಂದು ಅದೇ ಲೋಳೆಯನ್ನು ಬಳಸಿಕೊಳ್ಳುತ್ತಾರೆ.

ಚಾರ್ಲ್ಸ್‌ಟನ್ ನಗರದ ತೆಳುವಾದ ಎಳ್ಳಿನ ಬಿಸ್ಕತ್ತಿಗೆ 'ಬೆನ್ನೆ' ಬಿಸ್ಕತ್ತೆಂದು ಹೆಸರು. ಕನ್ನಡಿಗರು ಇದನ್ನು ಬೆಣ್ಣೆಯೆಂದು ತಿಳಿಯುವುದು ಸಹಜ. ಆದರೆ ಬೆನ್ನೆ ಎಂದರೆ ಪಶ್ಚಿಮ ಆಫ್ರಿಕದ ಭಾಷೆಗಳಲ್ಲಿ ಎಳ್ಳು. ಎಳ್ಳಿನ ತವರು ಭಾರತ ಉಪಖಂಡವೇ ಆಗಿರುವುದರಿಂದ, ಇಲ್ಲಿಂದ ಆಫ್ರಿಕಕ್ಕೂ ಅಲ್ಲಿಂದ ಕೆರೊಲಿನಾಕ್ಕೂ ಹೋದ ಈ ಕಾಳು ಅರ್ಧ ಜಗತ್ತನ್ನು ಸುತ್ತಿದೆಯೆನ್ನಬಹುದು.

ಕೆಂಟಕಿ, ಟೆನೆಸಿ ರಾಜ್ಯಗಳ ಗುಡ್ಡಗಾಡಿನಲ್ಲಿ ಸಿಹಿ ಜೋಳದ ದಂಟನ್ನು ಗಾಣಕ್ಕೆ ಕೊಟ್ಟು, ರಸವನ್ನು ಅಗಲ ಬಾಣಲೆಯಲ್ಲಿ ಕಾಯಿಸಿ, ಕೆನೆ ತೆಗೆಯುತ್ತ ಪಾಕ ಮಾಡುತ್ತಾರೆ. ಸುಮಾರು ಹತ್ತು ಲೀಟರ್ ರಸಕ್ಕೆ ಒಂದು ಲೀಟರ್ ಪಾಕ ಬರುತ್ತದೆ. ಆಲೆಮನೆ ಬಲ್ಲವರಿಗೆ ಇದನ್ನು ಜೋಳದ ಜೋನಿಬೆಲ್ಲ ಎಂದರೆ ಸಾಕು. ಬಿಸಿ ಬಿಸಿ ಬ್ರೆಡ್ಡಿಗೆ ಬೆಣ್ಣೆಯೊಡನೆ ಹಚ್ಚಿ ತಿನ್ನುತ್ತಾರೆ.

ಪ್ರದೇಶದ ಹೆಸರೇ ಬೆಲೆ ತರುವುದಕ್ಕೆ ಜಾರ್ಜಿಯಾದ ವಿಡೇಲಿಯಾ ಈರುಳ್ಳಿ ಉತ್ತಮ ನಿದರ್ಶನ. ಅಲ್ಲಿನ ಮಣ್ಣಿನಲ್ಲಿ ಗಂಧಕ ಕಡಿಮೆಯಿರುವುದರಿಂದ ಈರುಳ್ಳಿಯಲ್ಲಿ ಘಾಟು ತಗ್ಗಿ ಸಿಹಿ ಎದ್ದು ತೋರುತ್ತದೆ. 1986ರ ರಾಜ್ಯ ಶಾಸನವು ಗೊತ್ತುಪಡಿಸಿದ ಪ್ರದೇಶದಲ್ಲಿ ಬೆಳೆದುದನ್ನು ಮಾತ್ರ ಆ ಹೆಸರಿನಿಂದ ಮಾರಬೇಕೆಂದು ವಿಧಿಸಿತು. ನಮ್ಮ ಬೆಂಗಳೂರು ಗುಲಾಬಿ ಈರುಳ್ಳಿಗೆ ಭೌಗೋಳಿಕ ಸೂಚ್ಯಂಕ ದೊರೆತದ್ದು 2015ರಲ್ಲಿ.

ಹಸಿ ಕಾಯಿ ಮಾರಾಟವನ್ನು ನಮ್ಮಲ್ಲಿ ಪ್ರಯತ್ನಿಸುವವರಿಗೆ

ಚಳ್ಳಕೆರೆ, ಪಾವಗಡ, ಶಿರಾ ಭಾಗದ ಮಳೆಯಾಶ್ರಿತ ಬೆಳೆಯನ್ನೆಲ್ಲ ಹಸಿಯಾಗಿ ಮಾರುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಪೇಟೆಗೆ ಸಮೀಪವಿದ್ದು, ನೀರಿನ ಆಸರೆಯುಳ್ಳವರು ಸ್ವಲ್ಪ ವಿಸ್ತೀರ್ಣವನ್ನು ಮಾತ್ರ ಇದಕ್ಕೆ ಮೀಸಲಿಡಬಹುದು. ಒಂದೇ ದಿನ ಬಿತ್ತದೆ, ಹತ್ತು ಹದಿನೈದು ದಿನಗಳ ಅಂತರದಲ್ಲಿ ಪಟ್ಟಿಗಳಾಗಿ ಬಿತ್ತಿದರೆ ಕಾಯಿ ಒಮ್ಮೆಗೇ ಬಂದು ಬೀಳುವುದಿಲ್ಲ. ಟಿ.ಎಂ.ವಿ.-2ರಂತಹ ಗೊಂಚಲು ತಳಿಗಳ ಬೀಜಕ್ಕೆ ಸುಪ್ತಾವಸ್ಥೆ ಇಲ್ಲದಿರುವುದರಿಂದ ಕಟಾವಿನ ಹೊತ್ತಿಗೆ ಮಳೆ ಹಿಡಿದರೆ ಕಾಯಿ ನೆಲದಲ್ಲಿಯೇ ಮೊಳೆಯುತ್ತದೆ. ಮೋಡ ಕವಿದ ವಾರದಲ್ಲಿ ಒಂದು ಭಾಗವನ್ನು ಹಸಿಯಾಗಿ ಮಾರಿದರೆ ಒಣಗಿಸುವ ಚಿಂತೆ ಅಷ್ಟರಮಟ್ಟಿಗೆ ತಪ್ಪುತ್ತದೆ.

ಬೆಲೆಯನ್ನು ಹೋಲಿಸುವಾಗ ತೇವಾಂಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಶೇ. 40 ತೇವಾಂಶವಿರುವ 100 ಕಿಲೋ ಹಸಿ ಕಾಯಿ ಒಣಗಿ ಶೇ. 8ಕ್ಕೆ ಇಳಿದಾಗ ಸುಮಾರು 65 ಕಿಲೋ ಆಗುತ್ತದೆ. ಅಂದರೆ ಒಣ ಕಾಯಿಗೆ ಕಿಲೋಗೆ 60 ರೂಪಾಯಿ ಸಿಗುವುದಾದರೆ ಹಸಿ ಕಾಯಿಯ ಸಮಬೆಲೆ ಸುಮಾರು 39 ರೂಪಾಯಿ. ಒಣಗಿಸುವ ಕೂಲಿ ಉಳಿಯುತ್ತದೆ. ಬೇಗ ಕಿತ್ತುದರಿಂದ ಬೀಜದ ತೂಕ ಸ್ವಲ್ಪ ಕಡಿಮೆಯಾಗುತ್ತದೆ. ಇವೆರಡನ್ನೂ ಸರಿದೂಗಿಸಿ, ಸಾಗಣೆ ವೆಚ್ಚ ಸೇರಿಸಿ, ಆಮೇಲೆ ವ್ಯಾಪಾರಿಯೊಡನೆ ಮಾತನಾಡಬೇಕು.

ಎಲೆಚುಕ್ಕೆ, ತುಕ್ಕು ರೋಗಗಳಿಗೆ ಔಷಧ ಸಿಂಪಡಿಸಿದವರು ಕಾಯುವ ಅವಧಿಯನ್ನು ಹೊಸದಾಗಿ ಎಣಿಸಬೇಕು. ಒಣ ಕಾಯಿಗೆಂದು ಮಾಡಿದ ಸಿಂಪರಣೆಯ ವೇಳಾಪಟ್ಟಿಯಲ್ಲಿ, ಒಂದೆರಡು ವಾರ ಮೊದಲೇ ಕಿತ್ತರೆ ಲೇಬಲ್ಲಿನಲ್ಲಿ ಹೇಳಿದಷ್ಟು ದಿನಗಳು ಕಳೆದಿರುವುದಿಲ್ಲ. ಬಳ್ಳಿಯನ್ನು ಹಸಿಯಾಗಿ ದನಗಳಿಗೆ ಹಾಕುವವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಬೇಯಿಸಿ ಮಾರುವ ಸ್ವಸಹಾಯ ಸಂಘಗಳು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪಡೆಯಬೇಕು.

ಬೇಯಿಸಿ ಉಳಿದ ನೀರು ಬಹಳ ಉಪ್ಪಾಗಿರುತ್ತದೆ. ಅದನ್ನು ಕೈತೋಟದ ಪಾತಿಗೆ, ತೆಂಗಿನ ಬುಡಕ್ಕೆ ಅಥವಾ ದನಗಳ ಬಾನಿಗೆ ಸುರಿಯಬಾರದು. ಸಿಪ್ಪೆಯನ್ನು ಒಳ್ಳೆಯ ನೀರಿನಲ್ಲಿ ಎರಡು ಬಾರಿ ತೊಳೆದ ಬಳಿಕವೇ ತಿಪ್ಪೆಗೆ ಹಾಕಬೇಕು.